ಹಳೆಯ ಧ್ವನಿಮಿಶ್ರಣ ಫಲಕದ ಜೀರ್ಣೋದ್ಧಾರ

ಮನೆಯೊಳಗೆ ಧ್ವನಿಶಾಲೆಯನ್ನು ಏರ್ಪಡಿಸಿಕೊಳ್ಳುವ ಪ್ರಯತ್ನವು ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವ್ಯಾಟ್ ಸಾಮರ್ಥ್ಯದ ಪ್ರಸಾರಯಂತ್ರವನ್ನು ನಿಲ್ಲಿಸಿ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ನಿಲಯವು ೧೯೫೫ರಲ್ಲಿ ಬೆಂಗಳೂರಿಗೆ ಸ್ಥಳಾಂತರ ಹೊಂದಿತು. ಚಲನಚಿತ್ರಗಳ ಹಾಡುಗಳನ್ನು ಮುದ್ರಿಸಲಾದರೋ ಕನ್ನಡಿಗರು ಬಹುಕಾಲ ಮದರಾಸನ್ನೇ ಆಶ್ರಯಿಸಬೇಕಾಗಿತ್ತು. ೧೯೮೦ರ ದಶಕದಲ್ಲಿ ಶಂಕರನಾಗ್ ಅವರು ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣಾಲಯವನ್ನು ಸ್ಥಾಪಿಸಿದುದು ಈ ಪರಾವಲಂಬನೆಯನ್ನು ತಗ್ಗಿಸುವ ದಿಕ್ಕಿನಲ್ಲಿ ಒಂದು ಮುಖ್ಯ ಹೆಜ್ಜೆಯಾಯಿತು.

ಅಂತಹ ಮುದ್ರಣಾಲಯಗಳ ಹೃದಯಸ್ಥಾನದಲ್ಲಿದ್ದ ಯಂತ್ರವೇ ಧ್ವನಿಮಿಶ್ರಣ ಫಲಕ. ಗಣಕಯಂತ್ರವು ಮಿಶ್ರಣದ ಕಾರ್ಯವನ್ನು ವಹಿಸಿಕೊಂಡ ಮೇಲೆ ಈ ಭಾರವಾದ ಫಲಕಗಳು ಅನೇಕ ಕಡೆಗಳಲ್ಲಿ ಮೂಲೆ ಸೇರಿದುವು; ಕೆಲವು ಗುಜರಿಗೂ ಹೋದುವು. ಈಗ ಮನೆಯಲ್ಲಿ ಮುದ್ರಣ ನಡೆಸುವ ಸಂಗೀತಾಸಕ್ತರು ಅವನ್ನು ಮತ್ತೆ ಹುಡುಕತೊಡಗಿದ್ದಾರೆ. ಇಂತಹ ಒಂದು ಫಲಕವು ದಕ್ಷಿಣ ಬೆಂಗಳೂರಿನ ಸಾರಕ್ಕಿಯ ಮನೆಯೊಂದಕ್ಕೆ ಬಂದಿತೆಂದು ಭಾವಿಸೋಣ. ಅದನ್ನು ಸುಸ್ಥಿತಿಗೆ ತರುವಾಗ ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆಯೇ ಈ ಲೇಖನದ ವಿಷಯ. ಕಾಲವು ಕೆಡಿಸಿದುದು ಬೇರೆ, ನಿರ್ಮಾಪಕನು ಉದ್ದೇಶಪೂರ್ವಕವಾಗಿ ಇರಿಸಿದುದು ಬೇರೆ. ಇವೆರಡನ್ನು ಅಳತೆಯಿಂದ ಬೇರ್ಪಡಿಸದೆ ಕೈಹಾಕಿದರೆ ಜೀರ್ಣೋದ್ಧಾರವು ವಿನಾಶವಾಗಿ ಪರಿಣಮಿಸುವುದೆಂಬುದು ನಮ್ಮ ಅಭಿಪ್ರಾಯ.

೧. ಫಲಕದ ಕಾರ್ಯ

ಮೈಕ್ರೊಫೋನು ಹಾಡುಗಾರಿಕೆಯನ್ನು ಗ್ರಹಿಸಿದಾಗ ಅದರಿಂದ ಹೊರಡುವ ವಿದ್ಯುತ್ಸಂಕೇತವು ವೋಲ್ಟಿನ ಸಾವಿರದ ಒಂದು ಭಾಗದಷ್ಟು, ಎಂದರೆ ಕೇವಲ ಒಂದು ಮಿಲಿವೋಲ್ಟಿನ ಆಸುಪಾಸಿನಲ್ಲಿರಬಹುದು. ಫಲಕದ ಮೊದಲನೆಯ ಘಟ್ಟವಾದ ಪೂರ್ವವರ್ಧಕವು ಇದನ್ನು ಸಾವಿರ ಪಟ್ಟು, ಶಬ್ದಶಾಸ್ತ್ರದ ಪರಿಭಾಷೆಯಲ್ಲಿ ೬೦ ಡೆಸಿಬೆಲ್, ಹಿಗ್ಗಿಸುತ್ತದೆ. ಅನಂತರ ಮಂದ್ರ ಮತ್ತು ತಾರ ಸ್ವರಗಳ ಪ್ರಮಾಣವನ್ನು ಏರಿಳಿಸುವ ಮಂಡಲ, ಅದರ ಮುಂದೆ ಬೆರಳಿನಿಂದ ಸರಿಸುವ ಮಟ್ಟನಿಯಂತ್ರಕ, ಅಲ್ಲಿಂದ ಮುಂದೆ ಎಲ್ಲ ವಾಹಿನಿಗಳೂ ಬಂದು ಕೂಡುವ ಸಂಕಲನ ತಂತಿ. ಹದಿನಾರು ವಾಹಿನಿಗಳ ಫಲಕವೆಂದರೆ ಒಂದೇ ಮಂಡಲವನ್ನು ಹದಿನಾರು ಸಲ ಪುನರಾವರ್ತಿಸಿ, ಕೊನೆಯಲ್ಲಿ ಒಂದುಗೂಡಿಸಿದ ಯಂತ್ರ.

ಈ ಪುನರಾವರ್ತನೆಯಿಂದ ಒಂದು ಅನುಕೂಲವೂ ಒಂದು ತೊಡಕೂ ಉಂಟು. ಕೆಟ್ಟ ವಾಹಿನಿಯನ್ನು ಪರೀಕ್ಷಿಸುವಾಗ ಪಕ್ಕದಲ್ಲಿಯೇ ಇರುವ ಸ್ವಸ್ಥ ವಾಹಿನಿಯು ನಕ್ಷೆಯಂತೆ ನೆರವಾಗುವುದು ಅನುಕೂಲ. ತೊಡಕೆಂದರೆ, ಪ್ರತಿಯೊಂದು ವಾಹಿನಿಯ ಸ್ವಂತ ಮೊರೆತವೂ ಸಂಕಲನ ತಂತಿಯಲ್ಲಿ ಕೂಡಿಕೊಳ್ಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಹದಿನಾರು ಸಮಾನ ಮೊರೆತಗಳು ಸೇರಿದಾಗ ಒಟ್ಟು ವೋಲ್ಟೇಜು ಹದಿನಾರರ ವರ್ಗಮೂಲದಷ್ಟು, ಎಂದರೆ ನಾಲ್ಕು ಪಟ್ಟು (೧೨ ಡೆಸಿಬೆಲ್) ಆಗುತ್ತದೆ. ಆದಕಾರಣ ಒಂದು ವಾಹಿನಿಯಲ್ಲಿ ಕ್ಷಮಾರ್ಹವೆನಿಸುವ ದೋಷವು ಇಡೀ ಫಲಕದಲ್ಲಿ ಅಸಹ್ಯವಾಗಬಹುದು.

ಮೊರೆತವನ್ನು ಶೂನ್ಯಕ್ಕೆ ಇಳಿಸುವುದು ಯಾರಿಂದಲೂ ಸಾಧ್ಯವಿಲ್ಲ. ೧೫೦ ಓಮ್ ರೋಧಕವೊಂದನ್ನು ಮೈಕ್ರೊಫೋನಿಗೆ ಬದಲಾಗಿ ಜೋಡಿಸಿದರೆ, ಅದರೊಳಗಿನ ಎಲೆಕ್ಟ್ರಾನುಗಳ ಉಷ್ಣಚಲನೆಯಿಂದಲೇ ೨೦,೦೦೦ ಕಂಪನಗಳ ವ್ಯಾಪ್ತಿಯಲ್ಲಿ ಸುಮಾರು ೦.೨೨ ಮೈಕ್ರೊವೋಲ್ಟ್ ಮೊರೆತ ಹುಟ್ಟುತ್ತದೆ; ಇದು ಪ್ರಕೃತಿ ವಿಧಿಸಿದ ಮಿತಿ. ಸಾವಿರ ಪಟ್ಟು ವರ್ಧನೆಯ ಬಳಿಕ ಇದು ೦.೨೨ ಮಿಲಿವೋಲ್ಟ್ ಆಗಬೇಕು. ಫಲಕದಿಂದ ಹೊರಬಂದುದು ಈ ಬೆಲೆಯ ಎರಡರಷ್ಟರೊಳಗೆ ಇದ್ದರೆ ಆ ಪೂರ್ವವರ್ಧಕವು ಆರೋಗ್ಯವಾಗಿದೆಯೆಂದು ತಿಳಿಯಬಹುದು. ಹತ್ತರಷ್ಟಿದ್ದರೆ ರೋಗವುಂಟೆಂಬುದು ಖಚಿತ. ಕಿವಿಯ ಊಹೆಗಿಂತ ಈ ಒಂದು ಅಳತೆಯೇ ಮೇಲು.

೨. ಕಾಲವು ಕೆಡಿಸುವ ಭಾಗಗಳು

ಯಂತ್ರದ ಎಲ್ಲ ಅಂಗಗಳೂ ಸಮನಾಗಿ ಮುಪ್ಪಾಗುವುದಿಲ್ಲ. ಮೊದಲು ಕೆಡುವುದು ವಿದ್ಯುದ್ವಿಶ್ಲೇಷಕ ಧಾರಕ, ಎಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರು. ಅದರೊಳಗಿನ ದ್ರವವು ವರ್ಷಗಳುರುಳಿದಂತೆ ಆವಿಯಾಗಿ ಧಾರಣಶಕ್ತಿ ಕುಗ್ಗುತ್ತದೆ, ಆಂತರಿಕ ನಿರೋಧ ಹೆಚ್ಚುತ್ತದೆ. ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ ಏರಿದರೆ ಇದರ ಆಯುಸ್ಸು ಅರ್ಧವಾಗುವುದೆಂಬುದು ರೂಢಿಯ ನಿಯಮ. ೮೫ ಡಿಗ್ರಿಯಲ್ಲಿ ೨,೦೦೦ ಗಂಟೆ ಬಾಳುವ ಧಾರಕವು ೪೫ ಡಿಗ್ರಿಯ ಪೆಟ್ಟಿಗೆಯೊಳಗೆ ೩೨,೦೦೦ ಗಂಟೆ ಬಾಳೀತು; ದಿನಕ್ಕೆ ಎಂಟು ಗಂಟೆ ದುಡಿದರೆ ಇದು ಹನ್ನೊಂದು ವರ್ಷಕ್ಕೆ ಸಮೀಪ. ೧೦೫ ಡಿಗ್ರಿಗೆ ನಿಗದಿಯಾದ ಅಷ್ಟೇ ಗಂಟೆಗಳ ಧಾರಕವನ್ನು ಅದೇ ಸ್ಥಾನದಲ್ಲಿಟ್ಟರೆ ಲೆಕ್ಕವು ೧,೨೮,೦೦೦ ಗಂಟೆಗಳಿಗೆ ಏರುತ್ತದೆ. ಬದಲಿ ಧಾರಕಗಳನ್ನು ಆರಿಸುವಾಗ ಈ ಒಂದು ಅಂಕಿಯನ್ನು ನೋಡಿಕೊಳ್ಳುವುದು ಎಷ್ಟು ಲಾಭದಾಯಕವೆಂಬುದು ಇದರಿಂದ ವಿದಿತವಾಗುತ್ತದೆ.

ಧಾರಕವು ಒಣಗಿದುದರ ಫಲ ಕಿವಿಗೆ ಹೇಗೆ ತಿಳಿಯುತ್ತದೆ? ಒಂದು ಘಟ್ಟದಿಂದ ಮತ್ತೊಂದು ಘಟ್ಟಕ್ಕೆ ಸಂಕೇತವನ್ನು ದಾಟಿಸುವ ೧೦ ಮೈಕ್ರೊಫ್ಯಾರಡ್ ಧಾರಕವು ೧೦,೦೦೦ ಓಮ್ ನಿರೋಧದ ಎದುರಿನಲ್ಲಿ ಸೆಕೆಂಡಿಗೆ ಸುಮಾರು ೧.೬ ಕಂಪನಗಳ ಕೆಳಗಿನದನ್ನು ಮಾತ್ರ ತಡೆಯುತ್ತದೆ; ಅಷ್ಟು ಮಂದ್ರವಾದ ನಾದ ಸಂಗೀತದಲ್ಲಿಲ್ಲ. ಅದೇ ಧಾರಕ ಒಣಗಿ ೦.೨ ಮೈಕ್ರೊಫ್ಯಾರಡಿಗೆ ಇಳಿದರೆ ತಡೆಯು ೮೦ ಕಂಪನಗಳಿಗೆ ಏರುತ್ತದೆ. ಆಗ ಮೃದಂಗದ ಎಡಭಾಗದ ಗುಂಕಾರ ಬಡವಾಗುತ್ತದೆ. ಹಳೆಯ ಫಲಕದ ‘ವಿಶಿಷ್ಟ ಸ್ವರಗುಣ’ವೆಂದು ಕೆಲವರು ಹೊಗಳುವುದು ಎಷ್ಟೋ ಸಲ ಇಂತಹ ರೋಗಲಕ್ಷಣವೇ ಆಗಿರುತ್ತದೆ.

ಎರಡನೆಯದಾಗಿ ಚಲಿಸುವ ಮತ್ತು ಸ್ಪರ್ಶಿಸುವ ಭಾಗಗಳು. ಮಟ್ಟನಿಯಂತ್ರಕಗಳ ಇಂಗಾಲದ ಪಟ್ಟಿ ಸವೆದು ಕರಕರ ಸದ್ದು ಮಾಡುತ್ತದೆ. ಬೆಳ್ಳಿ ಲೇಪಿಸಿದ ಸ್ವಿಚ್ಚುಗಳ ತುದಿಗಳು ಗಾಳಿಯ ಗಂಧಕದಿಂದ ಕಪ್ಪಾಗುತ್ತವೆ. ಪಟ್ಟಿತಂತಿಗಳ ಜೋಡಣೆಗಳು ಸಡಿಲವಾಗುತ್ತವೆ. ಇವಕ್ಕೆ ಮೊದಲು ಬೇಕಾದುದು ಶುದ್ಧೀಕರಣ. ಬದಲಾವಣೆ ಅನಂತರದ ಮಾತು. ಮೂರನೆಯದಾಗಿ ಟ್ಯಾಂಟಲಮ್ ಧಾರಕಗಳು. ಇವು ಒಣಗುವುದಿಲ್ಲವಾದರೂ ಒಮ್ಮೆಗೇ ಒಳಗೊಳಗೇ ಕೂಡಿಕೊಂಡು ವಿದ್ಯುತ್ಪೂರೈಕೆಯನ್ನೇ ಕೆಡವಬಲ್ಲುವು.

ಇನ್ನು ಸಾಮಾನ್ಯವಾಗಿ ಕೆಡದಿರುವ ಭಾಗಗಳು: ಲೋಹಪದರದ ರೋಧಕಗಳು, ಪ್ಲಾಸ್ಟಿಕ್ ಪದರದ ಧಾರಕಗಳು, ಬಹುಮಟ್ಟಿಗೆ ಟ್ರಾನ್ಸಿಸ್ಟರುಗಳು, ಮತ್ತು ಸಂಕೇತವನ್ನು ಒಳಕ್ಕೂ ಹೊರಕ್ಕೂ ದಾಟಿಸುವ ಟ್ರಾನ್ಸ್‌ಫಾರ್ಮರುಗಳು. ಇಂಗ್ಲೆಂಡಿನ ರೂಪರ್ಟ್ ನೀವ್ ಅವರು ೧೯೭೦ರಲ್ಲಿ ರೂಪಿಸಿದ ೧೦೭೩ ಎಂಬ ವಾಹಿನಿಘಟಕವು ಇಂದಿಗೂ ಬೇಡಿಕೆಯಲ್ಲಿರುವುದಕ್ಕೆ ಅದರ ಟ್ರಾನ್ಸ್‌ಫಾರ್ಮರುಗಳೂ ಬಿಡಿಬಿಡಿಯಾದ ಟ್ರಾನ್ಸಿಸ್ಟರುಗಳಿಂದ ಕಟ್ಟಿದ ವರ್ಧಕವೂ ಮುಖ್ಯ ಕಾರಣಗಳು. ಇವು ನಿರ್ಮಾಪಕನ ಆಯ್ಕೆಗಳು, ಮುಪ್ಪಿನ ಫಲಗಳಲ್ಲ. ಇವನ್ನು ಕಿತ್ತು ‘ಉತ್ತಮ’ವಾದುದನ್ನು ಹಾಕುವವನು ಫಲಕದ ಹೊರಕವಚವನ್ನು ಮಾತ್ರ ಉಳಿಸಿದಂತಾಗುತ್ತದೆ. ಸಮಗ್ರಮಂಡಲಗಳಿಂದ, ಎಂದರೆ ಐಸಿಗಳಿಂದ ಕಟ್ಟಿದ ಫಲಕಗಳಲ್ಲಿಯೂ ಇದೇ ಎಚ್ಚರ ಬೇಕು. ಹಳೆಯ ಚಿಪ್ಪನ್ನು ತೆಗೆದು ವೇಗಶಾಲಿಯಾದ ಹೊಸದನ್ನು ಸಿಕ್ಕಿಸಿದಾಗ, ಅದರ ಪಕ್ಕದಲ್ಲಿ ತಕ್ಕ ಶೋಧಕ ಧಾರಕವಿಲ್ಲದಿದ್ದರೆ, ಮಂಡಲವು ಕಿವಿಗೆ ಕೇಳದ ಎತ್ತರದಲ್ಲಿ ಸ್ವಯಂಕಂಪನಕ್ಕೆ ತೊಡಗಿ ಸ್ವರವನ್ನು ವಿಕಾರಗೊಳಿಸುವುದುಂಟು.

೩. ಕೆಲಸದ ಕ್ರಮ

ಬಹುಕಾಲ ಮೂಲೆಯಲ್ಲಿದ್ದ ಫಲಕಕ್ಕೆ ನೇರವಾಗಿ ೨೩೦ ವೋಲ್ಟ್ ಹರಿಸಬಾರದು. ಮೊದಲು ಅದು ಯಾವ ದೇಶದ ವಿದ್ಯುತ್ತಿಗೆ ತಯಾರಾದುದೆಂದು ನೋಡಬೇಕು. ಅಮೆರಿಕದ ಯಂತ್ರವಾದರೆ ವೋಲ್ಟೇಜನ್ನು ಇಳಿಸಿದರಷ್ಟೇ ಸಾಲದು. ೬೦ ಆವರ್ತನೆಗೆ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ನಮ್ಮ ೫೦ ಆವರ್ತನೆಯಲ್ಲಿ ನಡೆಸಿದಾಗ ಅದರ ಕಬ್ಬಿಣದೊಳಗಿನ ಕಾಂತಪ್ರವಾಹವು ಶೇಕಡ ೨೦ರಷ್ಟು ಹೆಚ್ಚಿ, ಅದು ಕಾಯಬಹುದು ಮತ್ತು ಗುಂಯ್ಗುಡಬಹುದು.

ಬಳಿಕ ವಿದ್ಯುತ್ಪೂರೈಕೆಯ ಪೆಟ್ಟಿಗೆಯನ್ನು ಫಲಕದಿಂದ ಬೇರ್ಪಡಿಸಿ, ನಮ್ಮ ರೇಡಿಯೊ ದುರಸ್ತಿಗಾರರು ಬಹುಕಾಲದಿಂದ ಬಳಸುತ್ತಿರುವ ಸರಣಿ ದೀಪದ ಮೂಲಕ ಅದಕ್ಕೆ ವಿದ್ಯುತ್ತನ್ನು ಕೊಡಬೇಕು. ತಂತುದೀಪವು ಕ್ಷಣಕಾಲ ಬೆಳಗಿ ಮಂಕಾದರೆ ಕ್ಷೇಮ. ಉಜ್ಜ್ವಲವಾಗಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲಿಯೋ ತಂತಿಗಳು ಕೂಡಿಕೊಂಡಿವೆ. ಮಂಡಲಗಳಿಗೆ ಹೋಗುವ ಧನ ಋಣ ವೋಲ್ಟೇಜುಗಳನ್ನೂ, ಮೈಕ್ರೊಫೋನುಗಳಿಗೆ ಹೋಗುವ ೪೮ ವೋಲ್ಟನ್ನೂ ಕೃತಕ ಭಾರದ ಮೇಲೆ ಅಳೆದು, ಸರಿಯಿದ್ದರೆ ಮಾತ್ರ ಫಲಕಕ್ಕೆ ಜೋಡಿಸಬೇಕು. ಪೆಟ್ಟಿಗೆಯ ದೊಡ್ಡ ಧಾರಕಗಳು ವಿದ್ಯುತ್ತನ್ನು ಕಡಿದ ಮೇಲೂ ಆವೇಶವನ್ನು ಹಿಡಿದಿರುತ್ತವೆಂಬುದನ್ನು ವಿದ್ಯಾರ್ಥಿಗಳು ಎಂದೂ ಮರೆಯಬಾರದು.

ಅನಂತರ ಒಂದೊಂದು ವಾಹಿನಿಯ ವರ್ಧನೆ, ಮೊರೆತ ಮತ್ತು ಮಂದ್ರ ತಾರಗಳ ವ್ಯಾಪ್ತಿಯನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಒಂದೇ ವಾಹಿನಿಯನ್ನು ಪೂರ್ತಿ ದುರಸ್ತಿ ಮಾಡಿ, ಮುಟ್ಟದಿರುವ ವಾಹಿನಿಯೊಡನೆ ಹೋಲಿಸಬೇಕು. ಬದಲಾವಣೆಯಿಂದ ಗುಣವಾಯಿತೆಂದು ಅಂಕಿಗಳು ತೋರಿಸಿದರೆ ಉಳಿದವಕ್ಕೂ ಅದೇ ಕ್ರಮ. ಬಿಡಿಭಾಗಗಳಿಗೆ ಬೆಂಗಳೂರಿನವರು ಸಾದರ ಪತ್ರಪ್ಪ ರಸ್ತೆಯ ಅಂಗಡಿಸಾಲಿಗೆ ಹೋಗುವುದು ವಾಡಿಕೆ. ಆದರೆ ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಧಾರಕವೂ ಮುಪ್ಪಾಗಿರುವುದರಿಂದ, ಹೊಸದೆಂದು ಕೊಂಡುದನ್ನೂ ಅಳೆದೇ ಬೆಸೆಯುವುದು ವಿವೇಕ. ತೆಗೆದ ಭಾಗಗಳನ್ನು ಎಸೆಯದೆ, ಸ್ಥಾನದ ಗುರುತಿನ ಚೀಟಿಯೊಡನೆ ಕಾಯ್ದಿರಿಸಬೇಕು.

೪. ಗುಂಗು, ಭೂಸಂಪರ್ಕ ಮತ್ತು ತಂಬೂರಿ

ದುರಸ್ತಿಯಾದ ಫಲಕವನ್ನು ಮನೆಯಲ್ಲಿ ಸ್ಥಾಪಿಸಿದಾಗ ಎದುರಾಗುವ ದೊಡ್ಡ ಶತ್ರು ಗುಂಗು. ಅದು ಎರಡು ಬಗೆ. ಪೂರೈಕೆಯ ಶೋಧಕ ಧಾರಕಗಳು ಸೋತಾಗ ಸೆಕೆಂಡಿಗೆ ೧೦೦ ಕಂಪನಗಳ ಗುಂಗು ಕೇಳಿಸುತ್ತದೆ. ಪೂರ್ಣತರಂಗ ಏಕಮುಖೀಕರಣದಲ್ಲಿ ೫೦ ಆವರ್ತನೆಯು ಇಮ್ಮಡಿಯಾಗುವುದೇ ಇದಕ್ಕೆ ಕಾರಣ. ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದಲೋ ತಂತಿಗಳ ಭೂಸಂಪರ್ಕ ಕುಣಿಕೆಯಿಂದಲೋ ಹುಟ್ಟುವ ಗುಂಗಿನಲ್ಲಿ ೫೦ರ ಅಂಶವೇ ಪ್ರಧಾನ. ಯಾವುದು ಎಂದು ತಿಳಿದರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.

ನಮ್ಮ ಸಂಗೀತಕ್ಕೆ ಈ ಅಂಕಿಗಳು ವಿಶೇಷವಾಗಿ ತೊಂದರೆ ಕೊಡುತ್ತವೆ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯಲ್ಲಿ ಷಡ್ಜವು ಸುಮಾರು ೧೩೧ ಕಂಪನ, ಪಂಚಮದ ತಂತಿ ಸುಮಾರು ೯೮. ಬಿಳಿ ಐದರ ಶ್ರುತಿಯ ಗಾಯಕಿಯ ತಂಬೂರಿಯಲ್ಲಿ ಷಡ್ಜವು ೧೯೬, ಮಂದ್ರಷಡ್ಜವು ೯೮. ಎಂದರೆ ೧೦೦ರ ಗುಂಗು ಈ ಎರಡು ಶ್ರುತಿಗಳಲ್ಲಿಯೂ ತಂಬೂರಿಯ ಒಂದು ತಂತಿಗೆ ಅತಿ ಸಮೀಪದಲ್ಲಿ, ಆದರೆ ಅಪಸ್ವರವಾಗಿ ನಿಲ್ಲುತ್ತದೆ. ೯೮ ಮತ್ತು ೧೦೦ ಕೂಡಿದಾಗ ಸೆಕೆಂಡಿಗೆ ಎರಡು ವಿಸ್ಪಂದಗಳು, ಎಂದರೆ ನಾದದ ಏರಿಳಿತಗಳು ಹುಟ್ಟುತ್ತವೆ. ಗುಂಗಿನ ಎರಡನೆಯ ಅಂಶವಾದ ೨೦೦ಕ್ಕೂ ಷಡ್ಜದ ೧೯೬ಕ್ಕೂ ನಡುವೆ ನಾಲ್ಕು. ಡೋಲು ಗಿಟಾರುಗಳ ಮುದ್ರಣದಲ್ಲಿ ಮರೆಯಾಗಿ ಹೋಗುವ ಗುಂಗು ತಂಬೂರಿಯ ಮುದ್ರಣದಲ್ಲಿ ಶ್ರುತಿಯನ್ನೇ ಅಲುಗಿಸುತ್ತದೆ. ವಯೋವೃದ್ಧ ವಿದ್ವಾಂಸರ ಹಾಡುಗಾರಿಕೆಯನ್ನು ಒಮ್ಮೆ ಹೀಗೆ ಮುದ್ರಿಸಿಬಿಟ್ಟರೆ, ಷಡ್ಜಕ್ಕೆ ಧಕ್ಕೆಯಾಗದಂತೆ ಅದನ್ನು ತರುವಾಯ ತೊಳೆದು ತೆಗೆಯುವುದು ಸುಲಭವಲ್ಲ. ಮತ್ತೊಮ್ಮೆ ಹಾಡಿಸುವ ಅವಕಾಶವೂ ದೊರೆಯದೆ ಹೋಗಬಹುದು. ಆದುದರಿಂದ ಜೀರ್ಣೋದ್ಧಾರಗೊಂಡ ಫಲಕದ ಅಂತಿಮ ಪರೀಕ್ಷೆಯನ್ನು ತಂಬೂರಿಯಿಂದಲೇ ನಡೆಸಬೇಕೆಂದು ನಾವು ಸೂಚಿಸುತ್ತೇವೆ.

ಗುಂಗು ಕೇಳಿದೊಡನೆ ಭೂಸಂಪರ್ಕದ ತಂತಿಯನ್ನು ಕತ್ತರಿಸುವ ಅಭ್ಯಾಸ ಕೆಲವರಲ್ಲುಂಟು. ಇದು ಪ್ರಾಣಾಪಾಯಕರ. ಇನ್ನು ಕೆಲವರು ಗುಂಡಿಯನ್ನು ಆಳವಾಗಿ ತೋಡಿದರೆ ಗುಂಗು ಹೋಗುವುದೆಂದು ನಂಬುತ್ತಾರೆ; ಅದೂ ತಪ್ಪು. ಗುಂಗು ಹುಟ್ಟುವುದು ತಂತಿಗಳು ಮನೆಯೊಳಗೇ ರಚಿಸುವ ಕುಣಿಕೆಗಳಿಂದ. ಎಲ್ಲ ಉಪಕರಣಗಳಿಗೂ ಒಂದೇ ಸ್ಥಾನದಿಂದ ವಿದ್ಯುತ್ತನ್ನು ಕೊಡುವುದು, ಸಮತೋಲದ ತಂತಿಜೋಡಿಗಳನ್ನು ಬಳಸುವುದು, ಪೂರೈಕೆಯ ಪೆಟ್ಟಿಗೆಯನ್ನು ಫಲಕದಿಂದ ದೂರವಿಡುವುದು, ಇವೇ ಪರಿಹಾರಗಳು. ವಿದ್ಯುತ್ತು ಹೋದಾಗ ನೆರವಿಗೆ ಬರುವ ಮನೆಯ ಇನ್ವರ್ಟರು ಚೌಕತರಂಗದ್ದಾದರೆ, ಅದು ನಡೆಯುತ್ತಿರುವಾಗ ಮುದ್ರಣ ಮಾಡದಿರುವುದೇ ಲೇಸು.

ಭೂಸಂಪರ್ಕದ ಗುಂಡಿ ಇರುವುದು ಪ್ರಾಣರಕ್ಷಣೆಗಾಗಿ. ಬೆಂಗಳೂರಿನ ನೆಲವು ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವಂತಹ ನೈಸ್ ಶಿಲೆಯ ಮೇಲೆ ನಿಂತಿದೆ. ಮೇಲಿನ ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಗುಂಡಿಯ ನಿರೋಧ ಏರುತ್ತದೆ. ಅದು ೫೦ ಓಮ್ ಆಗಿದ್ದರೆ, ಮನೆಯ ಸ್ವಂತ ಗುಂಡಿಯನ್ನೇ ನೆಚ್ಚಿದ ಪಕ್ಷದಲ್ಲಿ, ಫಲಕದ ಲೋಹಕವಚಕ್ಕೆ ೨೩೦ ವೋಲ್ಟ್ ತಗುಲಿದರೂ ಹರಿಯುವುದು ೪.೬ ಆಂಪಿಯರ್ ಮಾತ್ರ; ೧೬ ಆಂಪಿಯರಿನ ಫ್ಯೂಸು ಕರಗುವುದೇ ಇಲ್ಲ. ಮೈಕ್ರೊಫೋನಿನ ಲೋಹವನ್ನು ಮುಟ್ಟಿ ಹಾಡುವವರ ಗತಿಯೇನು? ಆದಕಾರಣ ಗುಂಡಿಯನ್ನು ತೇವವಾಗಿರಿಸುವುದರ ಜೊತೆಗೆ, ೩೦ ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿಯನ್ನು ಅಳವಡಿಸುವುದು ಅನಿವಾರ್ಯ.

೫. ಉಪಸಂಹಾರ

ಇಷ್ಟು ಶ್ರಮಕ್ಕೆ ತಕ್ಕ ಫಲವುಂಟೇ ಎಂದು ಕೇಳಬಹುದು. ಮೊರೆತದ ಅಂಕಿಗಳನ್ನೇ ನೋಡಿದರೆ, ಇಂದಿನ ಅಲ್ಪಬೆಲೆಯ ಮುದ್ರಣ ಸಾಧನವು ಹಳೆಯ ಎಷ್ಟೋ ಫಲಕಗಳನ್ನು ಮೀರಿಸುತ್ತದೆ. ಹಳೆಯ ಫಲಕದ ಬೆಲೆ ಬೇರೆ ಕಡೆಯಲ್ಲಿದೆ: ಅದರ ಟ್ರಾನ್ಸ್‌ಫಾರ್ಮರುಗಳ ಸ್ವರಗುಣದಲ್ಲಿ, ಹಲವು ವಾಹಿನಿಗಳನ್ನು ಎರಡು ಕೈಗಳಿಂದ ಏಕಕಾಲದಲ್ಲಿ ನಡೆಸುವ ಸೌಕರ್ಯದಲ್ಲಿ, ಮತ್ತು ಪ್ರತಿಯೊಂದು ಅಂಗವೂ ಕಣ್ಣಿಗೆ ಕಂಡು, ಬೆಸುಗೆಕಡ್ಡಿಗೆ ಎಟುಕುವ ಅದರ ರಚನೆಯಲ್ಲಿ. ಓಮನ ನಿಯಮ, ಧಾರಕದ ತಡೆ, ಉಷ್ಣಮೊರೆತ, ವಿಸ್ಪಂದ ಮುಂತಾಗಿ ಪದವಿ ತರಗತಿಯಲ್ಲಿ ಬೇರೆ ಬೇರೆ ಪಾಠಗಳಾಗಿ ಬರುವ ವಿಷಯಗಳು ಇದರಲ್ಲಿ ಒಂದೆಡೆ ದೊರೆಯುತ್ತವೆ. ಕಾಲೇಜಿನ ಪ್ರಯೋಗಶಾಲೆಗೆ ಇಂತಹ ಒಂದು ಕೆಟ್ಟ ಫಲಕ ದೊರೆತರೆ, ವಿದ್ಯಾರ್ಥಿಗಳಿಗೆ ವರ್ಷವಿಡೀ ಸಾಲುವಷ್ಟು ಕೆಲಸ ಅದರಲ್ಲಿದೆ.

ದೇವಾಲಯದ ಜೀರ್ಣೋದ್ಧಾರದಲ್ಲಿ ಶಿಥಿಲವಾದ ಕಲ್ಲನ್ನು ಬದಲಿಸಿ ದೃಢವಾದುದನ್ನು ಹಾಗೆಯೇ ಉಳಿಸುವರಷ್ಟೆ. ಇಲ್ಲಿಯೂ ಅದೇ ನ್ಯಾಯ ಸಲ್ಲುತ್ತದೆ. ಮೊದಲು ಅಳೆಯಬೇಕು; ಅಳತೆಯು ಶಿಥಿಲವೆಂದು ತೋರಿಸಿದುದನ್ನು ಮಾತ್ರ ಬದಲಿಸಬೇಕು; ಬದಲಿಸಿದುದನ್ನು ಬರೆದಿಡಬೇಕು. ಮುಂದೆ ಆ ಫಲಕವನ್ನು ತೆರೆಯುವವರಿಗೆ ಆ ಟಿಪ್ಪಣಿ ಪುಸ್ತಕವು ಫಲಕದಷ್ಟೇ ಉಪಯುಕ್ತವಾಗುವುದು.