ಶಾಖವೂ ಅದರ ಅಳತೆಯೂ

ಕಳೆದ ಸುಗ್ಗಿಯಲ್ಲಿ ಹುಮನಾಬಾದಿನ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತಾಯಿಯನ್ನು ಕರೆದುಕೊಂಡು ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದನು. ಆಕೆಯ ತೊಡೆಯಲ್ಲಿ ದೊಡ್ಡ ನಿಂಬೆಯ ಗಾತ್ರದ ಗಂಟೊಂದು ಎದ್ದಿದ್ದಿತು. ನೋವಿಲ್ಲವೆಂದು ಮೂರು ತಿಂಗಳು ಸುಮ್ಮನಿದ್ದು, ಅನಂತರ ನೆರೆಯವರ ಮಾತಿನಂತೆ ಬಿಸಿ ಇಟ್ಟಂಗಿಯನ್ನು ಬಟ್ಟೆಯಲ್ಲಿ ಸುತ್ತಿ ದಿನವೂ ಕಾಸುತ್ತಿದ್ದರಂತೆ. ಮೇಲಿನ ಚರ್ಮವು ಸುಟ್ಟು ಕಪ್ಪಾಗಿದ್ದಿತು. ಗಂಟು ಮಾತ್ರ ಕುಗ್ಗಿರಲಿಲ್ಲ. ನಾವು ಸ್ವಲ್ಪ ಕಟುವಾಗಿಯೇ ಗದರಿಸಿದೆವು. ಆಗ ಆಕೆ, “ಮಾಸ್ತರ್ರೀ, ದೊಡ್ಡ ಪಟ್ಟಣದ ಡಾಕ್ಟರೂ ಗಂಟು ಕಾಸೇ ಕರಗಸ್ತಾರಂತ ನಿಮ್ಮ ಶಿಷ್ಯನೇ ಪೇಪರಿನ್ಯಾಗ ಓದಿ ಹೇಳ್ಯಾನ. ನಮ್ಮ ಇಟ್ಟಂಗಿ ಏನು ಪಾಪ ಮಾಡ್ಯಾದರಿ?” ಎಂದು ಕೇಳಿದಳು.

ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಅಂದು ನಮಗೆ ತಕ್ಕ ಉತ್ತರವು ಹೊಳೆಯಲಿಲ್ಲವಾದುದರಿಂದ ಈಗ ಬರೆಯುತ್ತಿದ್ದೇವೆ.

ಶಾಖದಿಂದ ಗಂಟನ್ನು ಗೆಲ್ಲಬಹುದೆಂಬ ಎಣಿಕೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹನ್ನೆರಡನೆಯ ಅಧ್ಯಾಯವೇ ಅಗ್ನಿಕರ್ಮಕ್ಕೆ ಮೀಸಲಾಗಿರುವುದು. ಅದಕ್ಕೆ ತಕ್ಕ ರೋಗಗಳಲ್ಲಿ ಗ್ರಂಥಿಯನ್ನೂ ಅರ್ಬುದವನ್ನೂ ಆಚಾರ್ಯನು ಎಣಿಸಿರುವನು. ಆದರೆ ಅಲ್ಲಿಯೇ ಸುಡುವಿಕೆಯನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನೆಂಬುದನ್ನು ನಮ್ಮ ಜನ ಮರೆತಿದ್ದಾರೆ. ವೈದ್ಯನಿಗೆ ಬೇಕಾದುದು ಮೂರನೆಯದೊಂದೇ. ಉಳಿದವು ಕೊರತೆ ಅಥವಾ ಅತಿರೇಕ. ಇಂದಿನ ಯಂತ್ರಗಳೆಲ್ಲವೂ ನಮ್ಮ ಪೂರ್ವಿಕರಲ್ಲಿದ್ದವೆಂದು ವಾದಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೂ ಅಳತೆಯ ಚಿಂತೆ ಅಂದೂ ಇದ್ದಿತೆಂಬುದು ನಿಜ.

ಇಂದಿನ ವೈದ್ಯರು ಬಳಸುವ ಶಾಖದ ಮೂಲಗಳಲ್ಲಿ ಒಂದು, ನಮ್ಮ ಕಿವಿಗೆ ಕೇಳಿಸದ ಧ್ವನಿ. ಸೆಕೆಂಡಿಗೆ 20,000 ಸಲಕ್ಕಿಂತ ಹೆಚ್ಚು ಕಂಪಿಸುವ ಧ್ವನಿಯನ್ನು ಅಲ್ಟ್ರಾಸೌಂಡ್ ಎನ್ನುವರು. ಚಿಕಿತ್ಸೆಯಲ್ಲಿ ಈ ಕಂಪನವು ಹತ್ತು ಲಕ್ಷದ ಆಸುಪಾಸಿನಲ್ಲಿರುತ್ತದೆ. ಬಟ್ಟಲಿನಂತೆ ತಗ್ಗಾದ ಬಿಲ್ಲೆಯಿಂದ ಹೊರಟ ಅಲೆಗಳು, ಭೂತಗನ್ನಡಿಯಲ್ಲಿ ಬಿಸಿಲು ಕೂಡುವಂತೆ, ದೇಹದೊಳಗೆ ಒಂದು ಬಿಂದುವಿನಲ್ಲಿ ಕೂಡುತ್ತವೆ. ಚರ್ಮಕ್ಕೆ ಹೆಚ್ಚು ಬಾಧೆಯಿಲ್ಲದೆ ಒಳಗಣ ಗಂಟು ಕಾಯುತ್ತದೆ. ಇಟ್ಟಂಗಿಯ ರೀತಿ ಇದಕ್ಕೆ ತೀರ ವಿಪರೀತ: ಮೊದಲು ಸುಡುವುದು ಚರ್ಮ, ಆಳಕ್ಕೆ ತಲುಪುವ ಶಾಖವು ಅತ್ಯಲ್ಪ.

ಆದರೆ ಕಾಯಿಸುವುದು ಸುಲಭ, ಎಷ್ಟು ಕಾದಿತೆಂದು ತಿಳಿಯುವುದೇ ಕಷ್ಟ. ಹುಮನಾಬಾದಿನ ಕಡೆ ಕಬ್ಬಿನ ಗಾಣದಲ್ಲಿ ಬೆಲ್ಲ ಕಾಯಿಸುವುದನ್ನು ನೋಡಿದವರಿಗೆ ಇದು ತಿಳಿದೀತು. ಪಾಕ ಬಂದಿತೋ ಇಲ್ಲವೋ ಎಂದು ಕಾಯಿಸುವವನು ಒಂದಿಷ್ಟು ರಸವನ್ನು ತಣ್ಣೀರಿನಲ್ಲಿ ಬಿಟ್ಟು ಬೆರಳಿನಿಂದ ಉಂಡೆಮಾಡಿ ನೋಡುವನು. ರೋಗಿಯ ತೊಡೆಯೊಳಗೆ ವೈದ್ಯನು ಬೆರಳಿಡುವುದೆಂತು?

ಅಳತೆಯ ಸೂಕ್ಷ್ಮವನ್ನು ಸ್ವಲ್ಪ ವಿವರಿಸಬೇಕು. ಆರೋಗ್ಯವಂತನ ಮೈ 37 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿರುವುದಷ್ಟೆ. ಗಂಟನ್ನು 41ರಿಂದ 45ರವರೆಗೆ ಕಾಯಿಸಿ ಒಂದು ಗಂಟೆಯಷ್ಟು ಕಾಲ ಹಾಗೆಯೇ ಇರಿಸಿದರೆ ಅದರ ಕಣಗಳು ದುರ್ಬಲವಾಗಿ, ವಿಕಿರಣಕ್ಕೂ ಔಷಧಕ್ಕೂ ಬೇಗ ಬಾಗುತ್ತವೆ. ಸಾಪರೆಟೊ ಮತ್ತು ಡೀವಿ ಎಂಬ ಇಬ್ಬರು 1984ರಲ್ಲಿ ಇದಕ್ಕೊಂದು ಲೆಕ್ಕವನ್ನು ಕೊಟ್ಟರು. 43 ಡಿಗ್ರಿಯಲ್ಲಿ 60 ನಿಮಿಷ ಬೇಕಾದ ಕೆಲಸವು 44ರಲ್ಲಿ 30 ನಿಮಿಷಕ್ಕೆ ಮುಗಿಯುವುದು. 42ರಲ್ಲಾದರೋ 240 ನಿಮಿಷ ಬೇಕು. ಒಂದೇ ಡಿಗ್ರಿ ತಪ್ಪಿದರೆ ಇಷ್ಟು ಅಂತರ! ಇನ್ನೊಂದು ಕ್ರಮದಲ್ಲಿ 56 ಡಿಗ್ರಿಯನ್ನೂ ಮೀರಿಸಿ, ಕೆಲವೇ ಸೆಕೆಂಡುಗಳಲ್ಲಿ ಗಂಟನ್ನು ಬೇಯಿಸಿಬಿಡುವರು. ಅಲ್ಲಿ ಪಕ್ಕದ ನರವೋ ಕರುಳೋ ಸಿಕ್ಕಿಕೊಂಡರೆ ಅದೂ ಬೇಯುವುದು.

ಅಡ್ಡಿಗಳೂ ಬಹಳ. ಹರಿಯುವ ರಕ್ತವು ಶಾಖವನ್ನು ಹೊತ್ತೊಯ್ಯುವುದರಿಂದ ದೊಡ್ಡ ರಕ್ತನಾಳದ ಬಳಿಯ ಭಾಗವು ತಣ್ಣಗೇ ಉಳಿದು, ಅಲ್ಲಿಂದ ಗಂಟು ಮತ್ತೆ ಚಿಗುರಬಹುದು. ಈ ರಕ್ತದ ತಂಪನ್ನು ಗಣಿತಕ್ಕೆ ಇಳಿಸಿದವನು ಪೆನ್ನೆಸ್ ಎಂಬಾತ, 1948ರಲ್ಲಿ. ಎಲುಬು ಧ್ವನಿಯನ್ನು ಹೀರಿ ತಾನೇ ಬಲವಾಗಿ ಕಾಯುತ್ತದೆ. ಗಾಳಿ ತುಂಬಿದ ಶ್ವಾಸಕೋಶವು ಅದನ್ನು ಹಿಂದಕ್ಕೆ ಎಸೆಯುತ್ತದೆ. ರೋಗಿ ಉಸಿರಾಡಿದಂತೆಲ್ಲ ಯಕೃತ್ತು ಸರಿದಾಡುವುದರಿಂದ ಗುರಿಯೇ ತಪ್ಪುತ್ತದೆ.

ಆದುದರಿಂದ ಮೊದಲು ಕೂದಲಿನಂಥ ಸಪೂರ ತಂತಿಯನ್ನು ಸೂಜಿಯಿಂದ ಒಳಗಿಳಿಸಿ ಶಾಖವನ್ನಳೆಯುತ್ತಿದ್ದರು. ಈಗಲೂ ಕೆಲವೆಡೆ ಅಳೆಯುವರು. ಅದು ತಾನಿರುವ ಬಿಂದುವಿನ ಸುದ್ದಿಯನ್ನು ಮಾತ್ರ ಹೇಳುತ್ತದೆ. ಎಮ್ ಆರ್ ಐ ಯಂತ್ರವು ಬಂದ ಮೇಲೆ ಮೈಗೆ ಚುಚ್ಚದೆಯೇ ಅಳೆಯುವ ಉಪಾಯವು ದೊರೆಯಿತು. ದೇಹದಲ್ಲಿರುವ ನೀರಿನ ಜಲಜನಕ ಕಣಗಳು ಆ ಅಯಸ್ಕಾಂತದಲ್ಲಿ ಒಂದು ನಿಯತವಾದ ವೇಗದಲ್ಲಿ ಮಿಡಿಯುತ್ತವೆ. ಶಾಖವು ಒಂದು ಡಿಗ್ರಿ ಏರಿದರೆ ಆ ವೇಗವು ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು ಯಂತ್ರವು ಶಾಖದ ನಕ್ಷೆಯನ್ನೇ ಬರೆಯುತ್ತದೆ. ಕೊಬ್ಬಿನಲ್ಲಿ ಮಾತ್ರ ಈ ಲೆಕ್ಕ ನಡೆಯದು. ನಕ್ಷೆಯನ್ನು ನೋಡಿ ಗಣಕವು ಧ್ವನಿಯ ಬಲವನ್ನು ಏರಿಸುವುದು, ಇಳಿಸುವುದು, ಬೇಕಾದರೆ ನಿಲ್ಲಿಸುವುದು. ಗರ್ಭಕೋಶದ ನಾರುಗಂಟುಗಳಿಗೆ 2004ರಲ್ಲಿಯೂ, ಎಲುಬಿಗೆ ಹರಡಿದ ಅರ್ಬುದದ ನೋವಿಗೆ 2012ರಲ್ಲಿಯೂ ಈ ಕ್ರಮಕ್ಕೆ ಅಮೆರಿಕದಲ್ಲಿ ಸರಕಾರದ ಒಪ್ಪಿಗೆ ದೊರೆಯಿತು.

ಗೃಹಸ್ಥರಿಗೆ ಇನ್ನೊಂದು ಮಾತು. ಮೊಣಕಾಲಿನ ನೋವಿಗೆ ಫಿಸಿಯೋಥೆರಪಿಯವರು ಹಿಡಿಯುವ ಚಿಕ್ಕ ಅಲ್ಟ್ರಾಸೌಂಡ್ ಉಪಕರಣವು ಈ ಯಂತ್ರವಲ್ಲ. ಅರ್ಬುದದ ಮೇಲೆ ಅದನ್ನು ಹಿಡಿಯಕೂಡದೆಂಬ ನಿಷೇಧವೇ ಇರುವುದು. ಅಳತೆಯಿಲ್ಲದ ಸಣ್ಣ ಶಾಖವು ಗಂಟನ್ನು ಕೊಲ್ಲದೆ ರಕ್ತಸಂಚಾರವನ್ನಷ್ಟೇ ಹೆಚ್ಚಿಸೀತೆಂಬ ಭಯ. ಇಟ್ಟಂಗಿಗೂ ಬರೆಗೂ ಇದೇ ಮಾತು ಸಲ್ಲುವುದು.

ಆ ತಾಯಿಯನ್ನು ಮಗನು ಮರುವಾರವೇ ಕಲಬುರಗಿಗೆ ಕರೆದೊಯ್ದನು. ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿ, ಅರ್ಬುದವೆಂದೇ ಹೇಳಿದರು. ಆಕೆಗೆ ಧ್ವನಿಯ ಶಾಖವು ಬೇಕಾಗಲಿಲ್ಲ, ಶಸ್ತ್ರಚಿಕಿತ್ಸೆಯೇ ತಕ್ಕದ್ದೆಂದರಂತೆ. ಆದರೆ ಕೊಯ್ಯಬೇಕಾದ ಜಾಗದ ಚರ್ಮವು ಸುಟ್ಟಿದ್ದುದರಿಂದ ಅದು ಮಾಯುವವರೆಗೆ ಮೂರು ವಾರ ಕಾಯಬೇಕಾಯಿತು. ಈಗ ಗಂಟನ್ನು ತೆಗೆದಿದ್ದಾರೆ. ಆಕೆ ವಾರಕ್ಕೆ ಐದು ದಿನ ವಿಕಿರಣಕ್ಕೆ ಹೋಗುತ್ತಿರುವಳು. ಮೊನ್ನೆ ಬಂದ ಕಾಗದದಲ್ಲಿ ಮಗನು ಬರೆದಿರುವಂತೆ, ಆ ಇಟ್ಟಂಗಿಯನ್ನು ಹಿತ್ತಿಲಲ್ಲಿ ತುಳಸಿಯ ಕುಂಡದ ಕೆಳಗೆ ಇಟ್ಟಿರುವರಂತೆ.