ಮೂರು ನಕ್ಷತ್ರಗಳಿಗಾಗಿ ಕಾಯುವ ಶಿಬಿರ

ಯೆಹೂದ್ಯರ ದಿನವು ಸೂರ್ಯಾಸ್ತದಿಂದ ಮೊದಲಾಗುತ್ತದೆ. ಅವರ ಮಾಸವು ಚಂದ್ರನನ್ನೂ ಹಬ್ಬಗಳು ಋತುವನ್ನೂ ಅನುಸರಿಸುತ್ತವೆ. ಶುಕ್ರವಾರ ಸಂಜೆ ತೊಡಗಿದ ಸಬ್ಬತ್ ವಿಶ್ರಾಂತಿಯು ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರಗಳು ಮೂಡಿದಲ್ಲದೆ ಮುಗಿಯುವುದಿಲ್ಲ. ಮಿಂಚನ್ನು ಕಂಡಾಗ, ಕಾಮನಬಿಲ್ಲು ಮೂಡಿದಾಗ, ವಸಂತದ ನೀಸಾನ್ ಮಾಸದಲ್ಲಿ ಫಲವೃಕ್ಷಗಳು ಹೂತಾಗ ಹೇಳತಕ್ಕ ಸ್ತುತಿವಚನಗಳು ಬೇರೆ ಬೇರೆ. ಬಯಲಿನೊಡನೆ ಇಷ್ಟು ಬೆಸೆದುಕೊಂಡ ಧರ್ಮವನ್ನು ನಗರದ ಬಾಲಕರು ಗಡಿಯಾರವನ್ನೂ ಮುದ್ರಿತ ಪಟ್ಟಿಯನ್ನೂ ನೋಡಿ ಕಲಿಯುವಂತಾದದ್ದು ವಿಪರ್ಯಾಸವೇ ಸರಿ.

ಅಮೆರಿಕದ ಯೆಹೂದ್ಯರು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲೊಂದು ಬೇಸಿಗೆ ಶಿಬಿರ. ರಾಮಾ ಎಂಬ ಹೆಸರಿನ ಯೆಹೂದ್ಯ ಶಿಬಿರಗಳಲ್ಲಿ ಮೊದಲನೆಯದು 1947ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ನಡೆಯಿತು. ಅದೇ ಪರಂಪರೆಯಲ್ಲಿ, ಚಾರಣವೇ ಮುಖ್ಯವಾದ ಶಿಬಿರವೊಂದು 2010ರಲ್ಲಿ ಕೊಲರಾಡೊದ ರಾಕಿ ಪರ್ವತಗಳಲ್ಲಿ ತೆರೆಯಿತು. ಇಂತಹ ಶಿಬಿರವನ್ನು ನಡೆಸುವವನ ಹೊಣೆ ಇಮ್ಮಡಿಯಾದುದು. ನೀರಿನ ನೆಲೆ, ಗಾಯದ ಚಿಕಿತ್ಸೆ, ಸಿಡಿಲಿನ ಭಯ ಇವನ್ನೆಲ್ಲ ಅರಿತಿರುವುದಲ್ಲದೆ, ಸಬ್ಬತ್ ದಿನ ಹೊಸದಾಗಿ ಬೆಂಕಿ ಹೊತ್ತಿಸುವಂತಿಲ್ಲವಾದುದರಿಂದ ಶುಕ್ರವಾರ ಹೊತ್ತು ಮುಳುಗುವ ಮುನ್ನವೇ ತಂಡವನ್ನು ತಂಗುದಾಣಕ್ಕೆ ಸೇರಿಸಿ ಅಡುಗೆ ಮುಗಿಸಿರಬೇಕು. ಮಾಂಸದ ಪಾತ್ರೆ ಹಾಲಿನ ಪಾತ್ರೆಗಳನ್ನು ಬೆನ್ನಿನ ಚೀಲದಲ್ಲಿಯೂ ಬೇರೆಯಾಗಿಯೇ ಹೊರಬೇಕು. ಸಬ್ಬತ್ ದಿನ ಖಾಸಗಿ ಆವರಣದಾಚೆಗೆ ವಸ್ತುಗಳನ್ನು ಒಯ್ಯುವುದು ನಿಷಿದ್ಧವೆಂದು, ಮರದಿಂದ ಮರಕ್ಕೆ ಹಗ್ಗ ಬಿಗಿದು ಆವರಣವನ್ನು ಕಲ್ಪಿಸಿಕೊಳ್ಳುವುದೂ ಉಂಟು. ನೋಡುವವರಿಗೆ ಇವು ಕೇವಲ ಕಟ್ಟಳೆಗಳಾಗಿ ತೋರಬಹುದು. ಆದರೆ ಮುಳುಗುವ ಸೂರ್ಯನೊಡನೆ ಓಡಿ ಗುಡಾರ ಹೂಡಿದ ಹುಡುಗನಿಗೆ ಸಬ್ಬತ್ ಎಂದರೇನೆಂಬುದನ್ನು ಬೇರೆ ಬೋಧಿಸಬೇಕಾಗಿಲ್ಲ. ಮುತ್ತಿಗೆಯ ಕಾಲದಲ್ಲಿಯೂ ಶತ್ರುವಿನ ಫಲವೃಕ್ಷಗಳಿಗೆ ಕೊಡಲಿಯಿಕ್ಕಬಾರದೆಂಬ ಅವರ ಧರ್ಮಗ್ರಂಥದ ಧರ್ಮೋಪದೇಶಕಾಂಡದ ವಿಧಿಯನ್ನು ಮರದ ನೆರಳಿನಲ್ಲಿ ಕುಳಿತು ಚರ್ಚಿಸುವುದಕ್ಕೂ, ತರಗತಿಯಲ್ಲಿ ಬಾಯಿಪಾಠ ಮಾಡುವುದಕ್ಕೂ ಅಂತರವಿದೆ.

ನಮ್ಮ ನಾಗಮಂಗಲ ಸೀಮೆಯ ಬಿಂಡಿಗನವಿಲೆಯಲ್ಲಿ ಇಂತಹ ಶಿಬಿರಗಳನ್ನು ಕುರಿತು ಯೋಚಿಸುವುದು ಅಪ್ರಸ್ತುತವಲ್ಲ. ಇಲ್ಲಿಯ ಗುಡಿಯ ಗರುಡನಿಗೆ ಕೈಮುಗಿಯುವ ಮಕ್ಕಳಲ್ಲಿ, ಕೆರೆಯ ಮೇಲೆ ಸುತ್ತುವ ಬಿಳಿಯ ಎದೆಯ, ಕಾವಿಬಣ್ಣದ ರೆಕ್ಕೆಯ ಹಕ್ಕಿಯನ್ನೂ ಜನ ಗರುಡನೆಂದೇ ಕರೆಯುವರೆಂದು ಬಲ್ಲವರು ಎಷ್ಟು ಮಂದಿ? ಇದೇ ತಾಲ್ಲೂಕಿನ ಆದಿಚುಂಚನಗಿರಿ 1981ರಿಂದ ನವಿಲುಧಾಮವಾಗಿದೆ. ಬೆಟ್ಟಕ್ಕೆ ಬರುವ ಭಕ್ತರು ಸಾವಿರ, ನವಿಲಿಗಾಗಿ ನಿಲ್ಲುವವರು ವಿರಳ. ನಮ್ಮ ಬೇಸಿಗೆ ಶಿಬಿರಗಳಾದರೋ ಬಹುಮಟ್ಟಿಗೆ ಸಭಾಂಗಣದ ಫ್ಯಾನಿನ ಕೆಳಗೇ ನಡೆದುಹೋಗುತ್ತವೆ.

ಆ ಶಿಬಿರಗಳ ಕಾಲವಾದ ಏಪ್ರಿಲ್–ಮೇ ತಿಂಗಳುಗಳು ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲವೂ ಹೌದು. ಇವುಗಳ ಹೆಸರನ್ನು ಬಲ್ಲ ರೈತರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಲ್ಲೊಬ್ಬರನ್ನು ಶಿಬಿರಕ್ಕೆ ಕರೆದರೆ ಅರ್ಧ ಕೆಲಸವಾಯಿತು. ಉಳಿದರ್ಧ ಕಷ್ಟದ್ದು. "ಅಜ್ಜಾ, ಆ ಕೃತ್ತಿಕೆ ಎಲ್ಲಿದೆ, ತೋರಿಸಿ" ಎಂದು ಮಗುವೊಂದು ಕೇಳಿದರೆ ತೋರಿಸಲಾಗದು. ಏಕೆಂದರೆ ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಅದರ ಹೆಸರೇ ಆ ಮಳೆಗೆ, ಆದುದರಿಂದ ಆ ನಕ್ಷತ್ರವು ಆಗ ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಶಿಬಿರವನ್ನು ನಡೆಸುವವನು ಇದನ್ನು ಬಿಡಿಸಿ ಹೇಳಬಲ್ಲವನಾಗಿದ್ದು, ಕಾರ್ತಿಕದಲ್ಲಿ, ಸಂಜೆಗೇ ಪೂರ್ವದಲ್ಲಿ ಕೃತ್ತಿಕೆಯ ಗೊಂಚಲು ಏರುವ ಹೊತ್ತಿಗೆ, ಅದೇ ಮಕ್ಕಳನ್ನು ಇನ್ನೊಂದು ರಾತ್ರಿ ಬಯಲಿಗೆ ಕರೆತರಬೇಕು.