ಮಾರಾಟವಾಗದ ಮೀನನ್ನು ಎತ್ತಿಡುವವರು

ಮಲ್ಪೆಯಿಂದಲೋ ಮಂಗಳೂರಿನಿಂದಲೋ ಹೊರಟ ಬೋಟು ಇನ್ನೂರು ಮೀಟರ್ ಆಳದ ನೀರು ಕಾಣಬೇಕಾದರೆ ಹತ್ತಾರು ಕಿಲೋಮೀಟರ್ ಸಾಗಬೇಕು. ನಮ್ಮ ಕರಾವಳಿಯಲ್ಲಿ ಕಡಲತಳ ಅಷ್ಟು ನಿಧಾನವಾಗಿ ಇಳಿಯುತ್ತದೆ. ಜಪಾನಿನ ಶಿಜುವೊಕಾ ಪ್ರಾಂತ್ಯದ ಸುರುಗ ಕೊಲ್ಲಿಯಲ್ಲಿ ಹಾಗಿಲ್ಲ. ದಡದ ಮನೆಗಳು ಇನ್ನೂ ಕಾಣುತ್ತಿರುವಾಗಲೇ ಬೋಟಿನ ಕೆಳಗೆ ನೂರಾರು ಮೀಟರ್ ನೀರಿರುತ್ತದೆ. ಕೊಲ್ಲಿಯ ಅತಿ ಆಳದ ಜಾಗ ಸುಮಾರು 2,500 ಮೀಟರ್. ಆ ದೇಶದಲ್ಲಿ ಇದಕ್ಕಿಂತ ಆಳದ ಕೊಲ್ಲಿ ಇನ್ನೊಂದಿಲ್ಲ. ಉತ್ತರ ದಿಕ್ಕಿಗೆ 3,776 ಮೀಟರ್ ಎತ್ತರದ ಫ್ಯೂಜಿ ಪರ್ವತ. ಫಿಲಿಪೀನ್ ಸಮುದ್ರದ ಭೂಫಲಕ ಜಪಾನಿನ ಅಡಿಗೆ ನುಗ್ಗುತ್ತಿರುವ ಕಮರಿ ಈ ಕೊಲ್ಲಿಯ ನಡುವೆಯೇ ಹಾದುಹೋಗಿದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಎತ್ತರ, ಅಷ್ಟು ಆಳ ಒಟ್ಟಿಗೇ ಇರುವುದಕ್ಕೆ ಅದೇ ಕಾರಣ.

ಈ ಆಳಕ್ಕೆ ಬಲೆ ಬಿಟ್ಟು ಹೊಟ್ಟೆ ಹೊರೆಯುವವರ ಊರು ಹೆದ. ಇಜು ಪರ್ಯಾಯದ್ವೀಪದ ಪಡುವಣ ದಡದಲ್ಲಿ, ಮರಳಿನ ದಿಣ್ಣೆಯೊಂದು ಅಡ್ಡ ಚಾಚಿ ಕಾಯುತ್ತಿರುವ ಸಣ್ಣ ಬಂದರು ಇದು. ಈಗ ನುಮಾಜು ನಗರಕ್ಕೆ ಸೇರಿದೆ. ಚರಿತ್ರೆಯಲ್ಲಿ ಹೆದದ ಹೆಸರು ಬರುವುದು ಬೇರೆ ಕಾರಣಕ್ಕೆ. 1854ರ ಸುನಾಮಿಯಲ್ಲಿ ಜಖಂಗೊಂಡ ರಷ್ಯಾದ ‘ದಿಯಾನ’ ಹಡಗು ರಿಪೇರಿಗೆಂದು ಇಲ್ಲಿಗೆ ಬರುವ ಹಾದಿಯಲ್ಲಿ ಮುಳುಗಿತು. ಅದರ ನಾವಿಕರು ಊರಿಗೆ ಮರಳಲೆಂದು ಇಲ್ಲಿನ ಬಡಗಿಗಳು ಅವರ ಜೊತೆ ಸೇರಿ ಹೊಸ ಹಡಗನ್ನೇ ಕಟ್ಟಿಕೊಟ್ಟರು. ಆ ಹಡಗಿಗೂ ‘ಹೆದ’ ಎಂದೇ ಹೆಸರಿಟ್ಟರು. ಊರಿನ ಇಂದಿನ ಕಸುಬು ಆ ಘಟನೆಗಿಂತ ದೊಡ್ಡದೆಂದು ನನ್ನ ಎಣಿಕೆ.

ಕಸುಬಿನ ವಿಧಾನ ನಮ್ಮ ಟ್ರಾಲಿಂಗ್ ಬಲ್ಲವರಿಗೆ ಹೊಸದಲ್ಲ. ನಸುಕಿಗೆ ಮುಂಚೆ ಬೋಟು ಹೊರಡುತ್ತದೆ. ಚೀಲದಂಥ ಬಲೆಯನ್ನು ಮುನ್ನೂರು, ನಾನೂರು ಮೀಟರ್ ಕೆಳಗಿನ ತಳಕ್ಕೆ ಇಳಿಸುತ್ತಾರೆ. ಬಲೆ ತಳ ಬಿಟ್ಟು ಮೇಲೇಳದಿರಬೇಕಾದರೆ ಆಳಕ್ಕಿಂತ ಎಷ್ಟೋ ಪಟ್ಟು ಉದ್ದದ ಹಗ್ಗ ಬಿಡಬೇಕು. ನಿಧಾನವಾಗಿ ಎಳೆದು, ವಿಂಚಿನಿಂದ ಸುತ್ತಿ ಮೇಲೆತ್ತಬೇಕು. ಕೆಳಗೆ ಕಡಿದಾದ ಇಳಿಜಾರು, ಬಂಡೆ, ಹೂಳು. ಎಲ್ಲಿ ಎಳೆಯಬಹುದು, ಎಲ್ಲಿ ಬಲೆ ಸಿಕ್ಕಿಕೊಂಡು ಹರಿಯುತ್ತದೆ ಎಂಬುದು ಬೋಟಿನ ಯಜಮಾನನಿಗೆ ಅನುಭವದಿಂದ ಬಂದ ತಿಳಿವು. ಸೆಪ್ಟೆಂಬರಿನಿಂದ ಮೇ ಮಧ್ಯದವರೆಗೆ ಮಾತ್ರ ಈ ಬಲೆಗೆ ಅನುಮತಿ. ನಮ್ಮಲ್ಲಿ ಜೂನ್, ಜುಲೈನಲ್ಲಿ ಬೋಟುಗಳು ದಡ ಸೇರುವಂತೆ ಅಲ್ಲಿಯೂ ಬೇಸಿಗೆ ಪೂರ್ತಿ ಬಲೆಗಳು ದಡದಲ್ಲಿರುತ್ತವೆ.

ಬಲೆ ಬಿಚ್ಚಿದಾಗ ಬೀಳುವುದರಲ್ಲಿ ಹಣವಾಗುವುದು ಕೆಲವೇ. ಕೆಂಪು ಸಿಗಡಿಗಳು, ಮೆಹಿಕಾರಿ ಎಂಬ ಹಸಿರು ಹೊಳಪುಗಣ್ಣಿನ ಪುಟ್ಟ ಮೀನು, ಎಲ್ಲಕ್ಕಿಂತ ಮುಖ್ಯವಾಗಿ ತಕಾಅಶಿಗಾನಿ. ಇದು ಜಗತ್ತಿನಲ್ಲಿ ಅತಿ ಉದ್ದ ಕಾಲಿನ ಏಡಿ. ದೊಡ್ಡ ಗಂಡು ಕಾಲು ಚಾಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರೂವರೆ ಮೀಟರ್ ದಾಟುತ್ತದೆ. ತೂಕ 19 ಕಿಲೋವರೆಗೂ ಹೋಗುತ್ತದೆ. ಹೆದದ ಹೋಟೆಲುಗಳಲ್ಲಿ ಇದನ್ನು ಹಬೆಯಲ್ಲಿ ಇಡಿಯಾಗಿ ಬೇಯಿಸಿ ಬಡಿಸುತ್ತಾರೆ. ಊರಿಗೆ ಇದರ ಜೊತೆ ಇನ್ನೂ ಹಳೆಯ ನಂಟಿದೆ. ಅದರ ಬೆನ್ನಿನ ಚಿಪ್ಪಿನ ಮೇಲೆ ಉಗ್ರ ಮುಖ ಬರೆದು, ಕೆಟ್ಟದ್ದು ಒಳಗೆ ಬಾರದಿರಲೆಂದು ಬಾಗಿಲಿಗೆ ತೂಗುಹಾಕುವ ರೂಢಿ ಇತ್ತು.

ಉಳಿದದ್ದು? ಬೆಲೆ ಇಲ್ಲದ್ದು, ಹೆಸರು ಯಾರಿಗೂ ಗೊತ್ತಿಲ್ಲದ್ದು, ನೋಡಿದರೆ ತಿನ್ನುವ ಮನಸ್ಸಾಗದ್ದು. ಹಿಂದೆ ಅದೆಲ್ಲ ಮರಳಿ ನೀರಿಗೆ ಹೋಗುತ್ತಿತ್ತು. ಈ ರಾಶಿಯೇ ನನಗೆ ಮುಖ್ಯ. ಆಳಕಡಲಿನ ಬಗ್ಗೆ ಮನುಷ್ಯರಿಗೆ ತಿಳಿದಿರುವುದರಲ್ಲಿ ಒಂದು ಪಾಲು ಬಂದದ್ದು ಬಲೆ ಎಳೆಯುತ್ತಿದ್ದ ಯಾರೋ ಒಬ್ಬರು ‘ಇದೇನೋ ಬೇರೆ ಥರ ಇದೆ, ಬಿಸಾಡಬೇಡ’ ಎಂದು ಪಕ್ಕಕ್ಕೆ ಎತ್ತಿಟ್ಟಿದ್ದರಿಂದ. ಜಲಾಂತರ್ಗಾಮಿಗಳ ಸಾಹಸ ಪತ್ರಿಕೆಗಳಲ್ಲಿ ಬರುತ್ತದೆ, ಈ ಎತ್ತಿಡುವಿಕೆ ಬರುವುದಿಲ್ಲ.

ನುಮಾಜು ಬಂದರಿನಲ್ಲಿ 2011ರ ಕೊನೆಗೆ ತೆರೆದ ಆಳಕಡಲ ಅಕ್ವೇರಿಯಂ ನಿಂತಿರುವುದು ಇದೇ ಅಭ್ಯಾಸದ ಮೇಲೆ. ಅದರ ಸಿಬ್ಬಂದಿ ಹೆದದ ಬೋಟುಗಳಲ್ಲಿ ತಾವೇ ಹೋಗುತ್ತಾರೆ. ಬಲೆ ಮೇಲೆ ಬಂದ ಕೂಡಲೇ ಜೀವವಿರುವುದನ್ನು ಆರಿಸಿ ತಣ್ಣನೆಯ ನೀರಿಗೆ ಹಾಕುತ್ತಾರೆ. ಕೆಲಸ ಕೇಳಿದಷ್ಟು ಸುಲಭವಲ್ಲ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಾಗಲೂ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. ಮುನ್ನೂರು ಮೀಟರಿನಿಂದ ಮೇಲೆಳೆದ ಮೀನು ಮೂವತ್ತು ವಾಯುಭಾರದ ಹಿಡಿತದಿಂದ ಸ್ವಲ್ಪ ಹೊತ್ತಿನಲ್ಲೇ ಬಿಡುಗಡೆಯಾಗುತ್ತದೆ. ಹೊಟ್ಟೆಯೊಳಗೆ ಗಾಳಿಚೀಲವಿರುವ ಮೀನಾದರೆ ಆ ಚೀಲ ಊದಿ, ಕಣ್ಣು ಹೊರಚಾಚಿ, ಜಠರ ಬಾಯಿಗೆ ಬಂದುಬಿಡುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಕೆಲವು ಬದುಕಿಕೊಳ್ಳುತ್ತವೆ. ಏಡಿ, ಸಿಗಡಿಗಳಿಗೆ ಗಾಳಿಚೀಲವೇ ಇಲ್ಲ. ಆದ್ದರಿಂದಲೇ ಅವು ಎಷ್ಟೋ ತಿಂಗಳು ತೊಟ್ಟಿಯಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿರುತ್ತವೆ. ಒತ್ತಡದಷ್ಟೇ ಕೊಲ್ಲುವುದು ಬಿಸಿ. ಕೆಳಗಿನ ನೀರು ಕೊರೆಯುವಷ್ಟು ತಂಪು, ಮೇಲಿನದು ಬೆಚ್ಚಗೆ. ಚಳಿಗಾಲದಲ್ಲಿ ಈ ಅಂತರ ಕಡಿಮೆಯಾಗುವುದರಿಂದ ಆಗ ಹಿಡಿದದ್ದು ಉಳಿಯುವ ಸಂಭವ ಹೆಚ್ಚು.

ಜನ ಸಾಲುಗಟ್ಟಿ ನೋಡುವುದು ಮೆಂಡಾಕೊ ಎಂಬ ಆಕ್ಟೋಪಸ್ಸನ್ನು. ಕಾವಲಿಯ ಮೇಲೆ ಉಬ್ಬಿದ ಸೆಟ್ ದೋಸೆಯಷ್ಟು ಮೆತ್ತಗೆ, ಚಪ್ಪಟೆ. ತಲೆಯ ಮೇಲೆ ಕಿವಿಯಂಥ ಎರಡು ಈಜುರೆಕ್ಕೆ. ಮೈಯೆಲ್ಲ ಲೋಳೆಯಂತಿರುವುದರಿಂದ ಬಲೆಯಲ್ಲಿ ಸಿಗಡಿಯ ಮುಳ್ಳು ತಾಗಿದರೂ ಹರಿಯುತ್ತದೆ. ಕೈಗೆ ಬಂದವುಗಳಲ್ಲಿ ಹೆಚ್ಚಿನವು ಕೆಲವು ದಿನ ಕಳೆಯುವುದೇ ಕಷ್ಟ. ಮೊಟ್ಟೆ ಎಲ್ಲಿಡುತ್ತದೆ, ಏನನ್ನು ಹೇಗೆ ಹಿಡಿದು ತಿನ್ನುತ್ತದೆ ಎಂಬ ಸಾಧಾರಣ ಪ್ರಶ್ನೆಗಳಿಗೆ ಉತ್ತರ ಸಿಗುವುದೂ ಆ ಕೆಲವು ದಿನಗಳಲ್ಲೇ. ಆಳದ ಜೀವಿಗಳಿಗೆ ಕೆಂಪು ಬೆಳಕು ಬಹುಪಾಲು ಕಾಣುವುದಿಲ್ಲವಾದ್ದರಿಂದ ಅವುಗಳ ತೊಟ್ಟಿಗೆ ಮಂದ ಕೆಂಪು ದೀಪ ಹಾಕುತ್ತಾರೆ.

ಮೀನುಗಾರರಿಗೂ ವಿಜ್ಞಾನಿಗಳಿಗೂ ಇರುವ ಈ ನಂಟಿಗೆ ಒಂದೂವರೆ ಶತಮಾನದಷ್ಟು ಹಿನ್ನೆಲೆಯಿದೆ. ಇಜುವಿನ ಆಚೆ ಬದಿಗೆ ಸಗಾಮಿ ಕೊಲ್ಲಿ. ಟೋಕಿಯೋದಲ್ಲಿ ಪಾಠ ಹೇಳುತ್ತಿದ್ದ ಜರ್ಮನ್ ಪ್ರಾಣಿವಿಜ್ಞಾನಿ ಲುಡ್ವಿಗ್ ಡೋಡರ್ಲೈನ್ 1881ರಲ್ಲಿ ಅಲ್ಲಿನ ಎನೊಶಿಮಾ ದ್ವೀಪಕ್ಕೆ ಹೋದಾಗ, ಯಾತ್ರಿಕರಿಗೆ ಸ್ಮರಣಿಕೆ ಮಾರುವ ಅಂಗಡಿಗಳಲ್ಲಿ ಗಾಜಿನ ಎಳೆಗಳಂಥ ಸ್ಪಂಜುಗಳನ್ನೂ ಬೇರೆ ಆಳಕಡಲ ಜೀವಿಗಳನ್ನೂ ಕಂಡು ಬೆರಗಾದ. ಯುರೋಪಿನ ವಿಜ್ಞಾನಿಗಳು ಹಡಗು ಕಟ್ಟಿಕೊಂಡು ಹುಡುಕುತ್ತಿದ್ದ ವಸ್ತು ಇಲ್ಲಿ ಅಲಂಕಾರದ ಸಾಮಾನಾಗಿ ಮಾರಾಟಕ್ಕಿತ್ತು. ಅವು ಮೀನುಗಾರರ ಗಾಳಕ್ಕೂ ಬಲೆಗೂ ಸಿಕ್ಕಿ ಬಂದವು. ಐದು ವರ್ಷಗಳ ಬಳಿಕ, 1886ರಲ್ಲಿ, ಅದೇ ಕೊಲ್ಲಿಯ ಮಿಸಾಕಿಯಲ್ಲಿ ಟೋಕಿಯೋ ವಿಶ್ವವಿದ್ಯಾಲಯ ಕಡಲ ಸಂಶೋಧನಾ ಕೇಂದ್ರ ತೆರೆಯಿತು. ಅದರ ಕೈಕಾಲು ಎನ್ನಬಹುದಾದವನು ಅಒಕಿ ಕುಮಕಿಚಿ ಎಂಬ ಮೀನುಗಾರ. ತಳದ ಯಾವ ಏರಿನಲ್ಲಿ ಯಾವ ಸ್ಪಂಜು ಬೆಳೆಯುತ್ತದೆ, ಉದ್ದದ ಗಾಳದ ಹಗ್ಗವನ್ನು ಹೇಗೆ ಹಾಸಿ ಎಳೆದರೆ ಅದು ಮುರಿಯದೆ ಬರುತ್ತದೆ ಎಂಬುದು ಆತನಿಗೆ ಕರಗತವಾಗಿತ್ತು. ಪ್ರಾಧ್ಯಾಪಕರ ಹೆಸರು ಜೀವಿಗಳ ಲ್ಯಾಟಿನ್ ಹೆಸರುಗಳಲ್ಲಿ ಉಳಿದಿದೆ; ಕುಮಕಿಚಿಯ ಹೆಸರೂ ಅಷ್ಟೇ ಗೌರವದಿಂದ ಉಳಿಯಬೇಕಾದದ್ದು.

ಸುರುಗದ ಬಲೆಗಳು ಕೊಟ್ಟ ಅತಿ ದೊಡ್ಡ ತಿಳಿವು ನೆರಿಗೆ ಕಿವಿರಿನ ಶಾರ್ಕಿನದು. ಹಾವಿನಂಥ ಮೈ, ಮೂರು ಮೊನೆಯ ನೂರಾರು ಹಲ್ಲುಗಳ ಸಾಲು. ಬೇರೆ ಮೀನಿಗೆ ಬಿಟ್ಟ ಬಲೆಯಲ್ಲಿ ಇದು ಆಗಾಗ ಬರುತ್ತಿತ್ತು. ಹಾಗೆ ಬಂದ ಬಸುರಿ ಶಾರ್ಕುಗಳನ್ನೂ ಮರಿಗಳನ್ನೂ ಪರೀಕ್ಷಿಸಿ ಕೊಲ್ಲಿಯ ದಡದಲ್ಲೇ ಇರುವ ಟೊಕಾಯ್ ವಿಶ್ವವಿದ್ಯಾಲಯದವರು 1990ರಲ್ಲಿ ಒಂದು ಅಂದಾಜು ಹೇಳಿದರು: ಇದರ ಬಸಿರು ಸುಮಾರು ಮೂರೂವರೆ ವರ್ಷದ್ದಿರಬಹುದು. ಆನೆಯ ಬಸಿರು ಎರಡು ವರ್ಷವನ್ನೂ ಮುಟ್ಟುವುದಿಲ್ಲ. ಆಳದ ಬದುಕು ಎಷ್ಟು ನಿಧಾನ, ಅಲ್ಲಿ ಒಂದು ತಾಯಿಮೀನು ಕಳೆದುಹೋದರೆ ಆ ಜಾಗ ತುಂಬಲು ಎಷ್ಟು ಕಾಲ ಬೇಕು ಎಂಬುದನ್ನು ಈ ಒಂದು ಅಂಕಿ ಹೇಳಿಬಿಡುತ್ತದೆ.

2016ರದು ಇನ್ನೂ ಆಳದ ಕತೆ. ಕನಗಾವಾ ಪ್ರಾಂತ್ಯದ ಕಡಲ ವಿಜ್ಞಾನ ಪ್ರೌಢಶಾಲೆಯೊಂದಕ್ಕೆ ‘ಶೋನನ್ ಮಾರು’ ಎಂಬ ತರಬೇತಿ ಹಡಗಿದೆ. ಅದರಿಂದ ವಿಜ್ಞಾನಿಗಳು ಸುರುಗ ಕೊಲ್ಲಿಯಲ್ಲಿ 2,100 ಮೀಟರಿಗೂ ಕೆಳಗೆ ಉದ್ದನೆಯ ಗಾಳದ ಹಗ್ಗ ಹಾಸಿದರು. ಮೇಲೆ ಬಂದವು ಒಟ್ಟು ನಾಲ್ಕು ಮೀನು. ನೀಲಿ ಛಾಯೆಯ ಮೈ, ದೊಡ್ಡದು ಸುಮಾರು 1.4 ಮೀಟರ್ ಉದ್ದ, 25 ಕಿಲೋ ತೂಕ. ಅದರ ಕುಲದ ಬಂಧುಗಳು ಹೆಚ್ಚಾಗಿ ಗೇಣುದ್ದ, ಮೊಳದುದ್ದ ಇರುವಂಥವು. 2021ರಲ್ಲಿ ಅದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದಾಗ ಲ್ಯಾಟಿನ್ ಹೆಸರಿನಲ್ಲಿ ಆ ಹಡಗಿನ ಹೆಸರನ್ನೇ ಸೇರಿಸಿದರು. ಬೇರೆ ಮೀನುಗಳನ್ನು ತಿಂದು ಬದುಕುವ, ಆ ಕೊಲ್ಲಿಯ ಆಹಾರ ಸರಪಳಿಯ ತುದಿಯಲ್ಲಿರುವ ಮೀನು ಅದು. ಶತಮಾನಕ್ಕೂ ಮಿಕ್ಕಿ ಅಧ್ಯಯನ ನಡೆದಿರುವ, ಸುತ್ತ ಊರು ಕಾರ್ಖಾನೆಗಳಿರುವ ಕೊಲ್ಲಿಯಲ್ಲಿ ಅಲ್ಲಿಯವರೆಗೆ ಅದಕ್ಕೊಂದು ಹೆಸರೂ ಇರಲಿಲ್ಲ.

ತಳ ಕೆರೆಯುವ ಬಲೆಯನ್ನು ಹೊಗಳುವಾಗ ಅದು ಮಾಡುವ ಹಾನಿಯನ್ನು ಮರೆಮಾಚಬಾರದು. ಜಗತ್ತಿನ ಬೇರೆ ಕಡಲುಗಳಲ್ಲಿ ದೊಡ್ಡ ಟ್ರಾಲರುಗಳು ನೂರಾರು ವರ್ಷ ಬೆಳೆದ ಹವಳದ ತೋಪುಗಳನ್ನು ಒಂದೇ ಎಳೆತಕ್ಕೆ ನೆಲಸಮ ಮಾಡಿವೆ. ಹೆದದ್ದು ಸಣ್ಣ ಬೋಟುಗಳ, ಋತುವಿಗೆ ಕಟ್ಟುಬಿದ್ದ ಕಸುಬು. ಹಾಗಿದ್ದೂ ಅದಕ್ಕೆ ಎಚ್ಚರ ಬೇಕು. ಕಡಲು ಕೊಡುವುದು ಕಡಿಮೆಯಾದಾಗ ನಿಲ್ಲಿಸಲು ಬರುತ್ತದೆ ಎಂಬುದಕ್ಕೆ ಇದೇ ಕೊಲ್ಲಿಯ ಇನ್ನೊಂದು ಊರು ಯುಯಿ ಸಾಕ್ಷಿ. 1894ರಲ್ಲಿ ಅಲ್ಲಿನ ಇಬ್ಬರು ಮೀನುಗಾರರು ಬಲೆ ತೇಲಿಸುವ ಪೀಪಾಯಿ ಮರೆತು ಹೋದರು, ಬಲೆ ಎಂದಿಗಿಂತ ಆಳಕ್ಕೆ ಇಳಿಯಿತು, ತಿಳಿಗೆಂಪು ಸಿಗಡಿಯ ರಾಶಿಯೇ ಬಂತು. ಹಗಲಲ್ಲಿ ಇನ್ನೂರು ಮುನ್ನೂರು ಮೀಟರ್ ಕೆಳಗಿದ್ದು ರಾತ್ರಿ ಮೇಲೇರುವ ಆ ಸಕುರಾ ಎಬಿ ಇಂದಿಗೂ ಊರಿನ ಜೀವಾಳ. ಬೋಟುಗಳು ಪೈಪೋಟಿಗಿಳಿಯದಂತೆ ಎಲ್ಲರ ಆದಾಯವನ್ನು ಒಟ್ಟುಮಾಡಿ ಹಂಚಿಕೊಳ್ಳುವ ಪದ್ಧತಿಯನ್ನು ಅಲ್ಲಿನವರು ತಾವೇ ಮಾಡಿಕೊಂಡಿದ್ದಾರೆ. 2018ರ ವಸಂತದಲ್ಲಿ ಸಿಗಡಿ ತೀರಾ ಕಡಿಮೆಯಾದಾಗ ಶರತ್ಕಾಲದಲ್ಲಿ ಅದನ್ನು ಹಿಡಿಯುವುದನ್ನೇ ಕೈಬಿಟ್ಟರು.

ನೋಡಬಯಸುವವರು ಟೋಕಿಯೋದಿಂದ ಶಿಂಕಾನ್ಸೆನ್ ರೈಲಿನಲ್ಲಿ ಮಿಶಿಮಾಕ್ಕೆ ಹೋಗಿ, ಅಲ್ಲಿಂದ ಲೋಕಲ್ ರೈಲಿನಲ್ಲಿ ನುಮಾಜು ತಲುಪಬಹುದು. ಅಕ್ವೇರಿಯಂನಲ್ಲಿ, 1981ರಲ್ಲಿ ಕೊಮೊರೊಸ್ ದ್ವೀಪಗಳಿಂದ ಜಪಾನಿನ ತಂಡವೊಂದು ತಂದ ಸೀಲಕಾಂತ್ ಮೀನುಗಳೂ ಇವೆ. ಅವುಗಳಲ್ಲಿ ಎರಡನ್ನು ಹೆಪ್ಪುಗಟ್ಟಿಸಿಯೇ ಇಟ್ಟಿದ್ದಾರೆ. ಹೊರಗೆ ಬಂದರಿನ ಸುತ್ತ ಮೆಹಿಕಾರಿ ಕರಿದು ಕೊಡುವ ಹೋಟೆಲುಗಳಿವೆ. ಜೀವಂತ ಮೆಂಡಾಕೊ ಕಾಣುವ ಆಸೆಯಿದ್ದರೆ ಬೇಸಿಗೆಯಲ್ಲಿ ಹೋಗಿ ಫಲವಿಲ್ಲ. ಹೆದದ ಬೋಟುಗಳು ನೀರಿಗಿಳಿದಿರುವ ಚಳಿಗಾಲವನ್ನೇ ಆರಿಸಿಕೊಳ್ಳಬೇಕು, ಹೊರಡುವ ಮುನ್ನ ಹಿಂದಿನ ದಿನ ಬಲೆಗೆ ಏನಾದರೂ ಬಿತ್ತೇ ಎಂದು ಅಕ್ವೇರಿಯಂನವರನ್ನು ವಿಚಾರಿಸಿಕೊಳ್ಳಬೇಕು.